ಬ್ಯಾಟರಿ ಡ್ರಿಲ್ ಕೊಳ್ಳುವ ಮುನ್ನ

ನಮ್ಮ ಮಾವ ಬಡಗಿ. ಮಧುಗಿರಿ, ಕೊರಟಗೆರೆ ಕಡೆ ಮನೆಗಳಿಗೆ ಬಾಗಿಲು, ಕಿಟಕಿ ಕೂರಿಸುತ್ತಾರೆ. ಏಣಿ ಮೇಲೆ ಭಾರದ ಡ್ರಿಲ್ ಎತ್ತಿ ಹಿಡಿದೂ ಹಿಡಿದೂ ಅವರಿಗೆ ಭುಜನೋವು ಬಂತು. ಹೊಸದು ಕೊಳ್ಳುವಾಗ ನಾನು ಕಲಿತದ್ದು ಇಷ್ಟು:

1. ಬ್ಯಾಟರಿ: ಒಂದು ಲಿಥಿಯಂ ಅಯಾನ್ ಸೆಲ್ ಕೊಡೋದು ಸುಮಾರು 3.6 ವೋಲ್ಟ್, ಚಾರ್ಜ್ ತುಂಬಿದಾಗ 4 ದಾಟುತ್ತದೆ. ಹಾಗಾಗಿ 5 ಸೆಲ್ಲಿನ ಬ್ಯಾಟರಿಗೆ ಕೆಲವರು 18 ಅಂತ, ಕೆಲವರು 20 ಅಂತ ಬರೀತಾರೆ. ಎರಡೂ ಒಂದೇ. 12 ವೋಲ್ಟಿನದರಲ್ಲಿ 3 ಸೆಲ್, ಅದಕ್ಕೇ ಹಗುರ. ಮರಕ್ಕೂ ಸ್ಕ್ರೂಗೂ ಅದು ಸಾಕು.

2. ಮೋಟಾರು: ಹಳೇ ಬಗೆಯದರಲ್ಲಿ ಕಾರ್ಬನ್ ಬ್ರಷ್ ಉಜ್ಜಿ ಸವೆಯುತ್ತದೆ. ಬ್ರಷ್‌ಲೆಸ್‌ನಲ್ಲಿ ಅದಿಲ್ಲ, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು.

3. ಕಲ್ಲು: ಮಧುಗಿರಿ ಬೆಟ್ಟದಂಥ ಗಟ್ಟಿ ಕಲ್ಲಿಗೆ ಇದನ್ನು ಒತ್ತಬೇಡಿ, ಮೋಟಾರು ಸುಟ್ಟೀತು. ಅದಕ್ಕೆ ಕುಟ್ಟುತ್ತಾ ತಿರುಗುವ ಹ್ಯಾಮರ್ ಡ್ರಿಲ್ಲೇ ಬೇಕು.

4. ಬಿಸಿಲು: ಸಿರಾ, ಪಾವಗಡದ ಬೇಸಿಗೆಯಲ್ಲಿ ಬ್ಯಾಟರಿಯನ್ನು ಬಿಸಿಲಲ್ಲಿ ಬಿಡಬೇಡಿ. ಕಾವಿಗೆ ಅದರ ಆಯಸ್ಸು ಕಮ್ಮಿಯಾಗುತ್ತದೆ.

ಮಾವ ಅಂಗಡಿಯಲ್ಲೇ ಬ್ಯಾಟರಿ ಹಾಕಿಸಿ, ತಲೆ ಮೇಲಕ್ಕೆ ಎತ್ತಿ ಹಿಡಿದು ನೋಡಿ, 12 ವೋಲ್ಟಿನ ಬ್ರಷ್‌ಲೆಸ್ ತಂದರು. ಭುಜನೋವು ಪೂರ್ತಿ ಹೋಗಿಲ್ಲ. ಆದರೆ ಈಗ ಏಣಿ ಹತ್ತೋಕೆ ಹಿಂಜರಿಯೋದಿಲ್ಲ.