ಮುಚ್ಚಳ ಇರುವ ಬಸವನಹುಳು, ಮುಚ್ಚಳ ಇಲ್ಲದ ಬಸವನಹುಳು

ಮಕ್ಕಳೇ, ಕೃಷ್ಣರಾಜಸಾಗರದಿಂದ ನಾಲೆಗೆ ನೀರು ಬಿಟ್ಟು, ನಾಟಿ ಮುಗಿದ ಮೇಲೆ ಒಮ್ಮೆ ಗದ್ದೆಯ ಬದುವಿನ ಮೇಲೆ ಕುಳಿತು ನೀರಿನೊಳಗೆ ನೋಡಿ. ಪೈರಿನ ಬುಡದಲ್ಲಿ, ಕೊಳೆತ ಎಲೆಯ ಮೇಲೆ, ತೂಬಿನ ಕಲ್ಲಿಗೆ ಹಿಡಿದ ಪಾಚಿಯ ಮೇಲೆ ಬಸವನಹುಳುಗಳು ಮೆಲ್ಲಗೆ ತೆವಳುತ್ತಿರುತ್ತವೆ. ಹುಳು ಎಂದು ಕರೆದರೂ ಇದು ಹುಳುವಲ್ಲ. ಮೃದ್ವಂಗಿಗಳ ವಂಶದಲ್ಲಿ ಉದರಪಾದಿಗಳು ಎಂಬ ವರ್ಗಕ್ಕೆ ಸೇರಿದ ಪ್ರಾಣಿ. ಹೊಟ್ಟೆಯ ಅಡಿಭಾಗವೇ ಇದಕ್ಕೆ ಪಾದ.

ಎಲ್ಲ ಬಸವನಹುಳುವೂ ಒಂದೇ ಎಂದು ನಮಗೆ ತೋರುತ್ತದೆ. ಆದರೆ ನಿಮ್ಮ ಕೊಟ್ಟಿಗೆಯ ಹಸುವಿನ ಆರೋಗ್ಯ ಇವುಗಳಲ್ಲಿ ಯಾವುದು ನಿಮ್ಮ ಗದ್ದೆಯಲ್ಲಿದೆ ಎಂಬುದನ್ನು ಅವಲಂಬಿಸಿದೆ. ಅದು ಹೇಗೆಂದು ತಿಳಿಯುವ ಮೊದಲು ಇವುಗಳನ್ನು ಗುರುತಿಸಲು ಕಲಿಯೋಣ.

ಬಾಗಿಲು ಹಾಕಿಕೊಳ್ಳುವವರು

ನಿಂಬೆಹಣ್ಣಿನಷ್ಟು ದಪ್ಪ, ಗುಂಡಗೆ, ಹಸಿರು ಮಿಶ್ರಿತ ಕಂದು ಬಣ್ಣದ ದೊಡ್ಡ ಬಸವನಹುಳುವನ್ನು ನೀವೆಲ್ಲ ನೋಡಿರುತ್ತೀರಿ. ಇದರ ಹೆಸರು ಪೈಲಾ. ಕಡ್ಡಿಯಿಂದ ಮುಟ್ಟಿದರೆ ಸರಕ್ಕನೆ ಒಳಗೆ ಸರಿದು ಗಟ್ಟಿಯಾದ ಮುಚ್ಚಳದಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಗದ್ದೆ ಒಣಗಿದಾಗ ಮಣ್ಣಿನಲ್ಲಿ ಹುದುಗಿ, ಇದೇ ಮುಚ್ಚಳ ಹಾಕಿಕೊಂಡು ತಿಂಗಳುಗಟ್ಟಲೆ ಮಲಗಿರುತ್ತದೆ. ಇದಕ್ಕೆ ಕಿವಿರೂ ಉಂಟು, ಶ್ವಾಸಕೋಶವೂ ಉಂಟು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಬಾಯ್ಕಳಕ ಕೊಕ್ಕರೆಗೆ ಪೈಲಾ ಎಂದರೆ ಪ್ರಾಣ. ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿಯುವ ಆ ವಿಚಿತ್ರ ಹಕ್ಕಿ, ಮುಚ್ಚಳದ ಒಳಗಿರುವ ಮಾಂಸವನ್ನು ಜಾಣತನದಿಂದ ಎಳೆದು ತಿನ್ನುತ್ತದೆ.

ಇನ್ನೊಂದು ಬೆಲ್ಲಾಮಿಯಾ. ಪೈಲಾಗಿಂತ ಬಹಳ ಚಿಕ್ಕದು, ಶಂಕುವಿನ ಆಕಾರ, ಕೆಲವದರ ಚಿಪ್ಪಿನ ಮೇಲೆ ಗೆರೆ ಗೆರೆ. ಇದಕ್ಕೂ ಮುಚ್ಚಳವಿದೆ. ಇದು ಮೊಟ್ಟೆಯನ್ನು ಹೊರಗೆ ಇಡುವುದಿಲ್ಲ, ಚಿಪ್ಪು ಹೊತ್ತ ಮರಿಗಳನ್ನೇ ಹಾಕುತ್ತದೆ!

ಬಾಗಿಲಿಲ್ಲದವರು

ಈಗ ಸಣ್ಣವನ್ನು ನೋಡಿ. ತೆಳ್ಳನೆಯ, ಬೆಳಕು ಹಾಯುವಂಥ ಚಿಪ್ಪು, ತುದಿ ಚೂಪು, ಬಾಯಿ ಅಗಲ, ಉದ್ದ ಹೆಚ್ಚೆಂದರೆ ಎರಡು ಸೆಂಟಿಮೀಟರ್ ಆಸುಪಾಸು. ಇದು ಲಿಮ್ನಿಯಾ. ಇನ್ನೊಂದು ಚಕ್ಕುಲಿಯ ಹಾಗೆ ಚಪ್ಪಟೆಯಾಗಿ ಸುತ್ತಿಕೊಂಡಿರುತ್ತದೆ. ಅದು ಇಂಡೋಪ್ಲಾನಾರ್ಬಿಸ್. ಹೆಸರು ಉದ್ದವಾಯಿತು, ನಾವು ಚಕ್ಕುಲಿ ಬಸವನಹುಳು ಎಂದೇ ಕರೆಯೋಣ. ಇದರ ರಕ್ತ ನಮ್ಮ ರಕ್ತದಂತೆ ಕೆಂಪು. ಬಸವನಹುಳುಗಳಲ್ಲಿ ಇದು ಅಪರೂಪ.

ಇವೆರಡಕ್ಕೂ ಮುಚ್ಚಳವಿಲ್ಲ. ಕಿವಿರೂ ಇಲ್ಲ. ಶ್ವಾಸಕೋಶದಿಂದ ಉಸಿರಾಡುವುದರಿಂದ ಆಗಾಗ ನೀರಿನ ಮೇಲ್ಮೈಗೆ ಬಂದು ಗಾಳಿ ತೆಗೆದುಕೊಂಡು ಹೋಗುತ್ತವೆ. ಕೊಕ್ಕರೆಗೂ ಬೇಡವಾದ ಈ ಪುಟ್ಟವೇ ನಮ್ಮ ಕಥೆಯ ಮುಖ್ಯ ಪಾತ್ರಗಳು.

ಹಸುವಿನಿಂದ ಹಸುವಿಗೆ, ಬಸವನಹುಳುವಿನ ಮೂಲಕ

ದನ, ಎಮ್ಮೆ, ಕುರಿ, ಮೇಕೆಗಳ ಪಿತ್ತಜನಕಾಂಗದಲ್ಲಿ, ಅಂದರೆ ಲಿವರ್‌ನಲ್ಲಿ, ಎಲೆಯಾಕಾರದ ಒಂದು ಚಪ್ಪಟೆ ಹುಳು ಸೇರಿಕೊಳ್ಳುತ್ತದೆ. ಇದರ ಹೆಸರು ಫ್ಯಾಸಿಯೋಲಾ. ನಮ್ಮ ಕಡೆಯ ಜಾತಿ ದೊಡ್ಡದು, ಐದಾರು ಸೆಂಟಿಮೀಟರ್ ಉದ್ದ ಬೆಳೆಯಬಲ್ಲದು. ಪಿತ್ತನಾಳದಲ್ಲಿ ವಾಸ, ರಕ್ತವೇ ಆಹಾರ. ಬೇರೊಂದು ಜೀವಿಯ ಮೈಯಲ್ಲಿ ಇದ್ದುಕೊಂಡು ಅದರಿಂದಲೇ ಬದುಕುವ ಇಂಥ ಜೀವಿಗೆ ಪರಾವಲಂಬಿ ಎಂದೂ, ಅದಕ್ಕೆ ಮನೆ ಕೊಟ್ಟ ಪ್ರಾಣಿಗೆ ಆತಿಥೇಯ ಎಂದೂ ಹೆಸರು. ಪಾಪ, ಯಾರೂ ಕರೆಯದೆ ಬಂದ ಅತಿಥಿ!

ಈ ಹುಳು ದಿನಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗಳು ಪಿತ್ತರಸದ ಜೊತೆ ಕರುಳಿಗೆ ಬಂದು ಸಗಣಿಯಲ್ಲಿ ಹೊರಬೀಳುತ್ತವೆ. ಸಗಣಿ ಒಣ ನೆಲದಲ್ಲಿ ಬಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ನೀರಿಗೆ ಬಿದ್ದರೆ ಎರಡು ವಾರದ ಹೊತ್ತಿಗೆ ಮೊಟ್ಟೆಯೊಡೆದು ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿ ಹೊರಬರುತ್ತದೆ. ಮೈತುಂಬಾ ಸೂಕ್ಷ್ಮ ರೋಮ. ಅದಕ್ಕೆ ಇರುವುದು ಹೆಚ್ಚುಕಡಿಮೆ ಒಂದೇ ದಿನದ ಆಯಸ್ಸು. ಅಷ್ಟರೊಳಗೆ ಒಂದು ಬಸವನಹುಳುವನ್ನು ಹುಡುಕಿ ಒಳಹೊಕ್ಕರೆ ಬದುಕು, ಇಲ್ಲದಿದ್ದರೆ ಸಾವು. ಯಾವ ಬಸವನಹುಳುವಾದರೂ ಆಗುವುದಿಲ್ಲ. ಪಕ್ಕದಲ್ಲೇ ದೊಡ್ಡ ಪೈಲಾ ಇದ್ದರೂ ಅದರಿಂದ ಪ್ರಯೋಜನವಿಲ್ಲ. ಲಿಮ್ನಿಯಾವೇ ಬೇಕು.

ಲಿಮ್ನಿಯಾದ ಒಳಗೆ ಆ ಮರಿ ರೂಪ ಬದಲಿಸುತ್ತಾ ಹೋಗುತ್ತದೆ. ಒಂದರೊಳಗೆ ಹಲವು, ಆ ಹಲವುಗಳೊಳಗೆ ಇನ್ನಷ್ಟು. ಒಳಹೊಕ್ಕದ್ದು ಒಂದೇ ಮರಿ, ವಾರಗಳ ನಂತರ ಹೊರಬರುವುದು ನೂರಾರು! ಅಷ್ಟರಲ್ಲಿ ಬಸವನಹುಳುವಿನ ಶಕ್ತಿಯೆಲ್ಲ ಅವುಗಳ ಪಾಲಾಗಿ, ಅದು ಮೊಟ್ಟೆಯಿಡುವುದೇ ಕಡಿಮೆಯಾಗುತ್ತದೆ, ಎಷ್ಟೋ ಸಲ ನಿಂತೇ ಹೋಗುತ್ತದೆ. ಹೊರಬಂದವಕ್ಕೆ ಗೊದಮೊಟ್ಟೆಯಂಥ ಬಾಲ. ಸ್ವಲ್ಪ ಹೊತ್ತು ಈಜಿ, ನೀರಿನ ಮಟ್ಟದಲ್ಲಿರುವ ಹುಲ್ಲು ಅಥವಾ ಪೈರಿಗೆ ಅಂಟಿ, ಬಾಲ ಕಳಚಿ, ಸುತ್ತಲೂ ಗಟ್ಟಿ ಕೋಶ ಕಟ್ಟಿಕೊಂಡು ಕಾಯುತ್ತವೆ. ಆ ಹುಲ್ಲನ್ನು ಹಸು ಮೇಯುತ್ತದೆ. ಕೋಶ ಕರಗಿ, ಮರಿಹುಳು ಕರುಳನ್ನು ಕೊರೆದು ಲಿವರ್ ತಲುಪಿ, ಅಲ್ಲಿ ವಾರಗಟ್ಟಲೆ ಸುರಂಗ ತೋಡುತ್ತಾ ಬೆಳೆದು, ಕೊನೆಗೆ ಪಿತ್ತನಾಳ ಸೇರುತ್ತದೆ. ಮೇವಿನ ಜೊತೆ ಒಳಹೋದ ಮೂರು ನಾಲ್ಕು ತಿಂಗಳಿಗೆ ಅದೂ ಮೊಟ್ಟೆಯಿಡತೊಡಗುತ್ತದೆ.

ಹಸು ಸೊರಗುತ್ತದೆ, ಹಾಲು ಇಳಿಯುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ. ರೋಗ ಬಲಿತರೆ ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋತುಬೀಳುತ್ತದೆ. ಕುರಿಗಳಿಗಂತೂ ಇದು ಇನ್ನೂ ಅಪಾಯ. ಒಮ್ಮೆಗೇ ತುಂಬಾ ಮರಿಹುಳುಗಳು ಲಿವರ್‌ಗೆ ನುಗ್ಗಿದರೆ ಯಾವ ಲಕ್ಷಣವೂ ಕಾಣುವ ಮೊದಲೇ ಸಾಯುವುದುಂಟು.

ಚಕ್ಕುಲಿ ಬಸವನಹುಳುವಿನ ಬಾಡಿಗೆದಾರರು ಬೇರೆ. ದನಗಳ ಮೊದಲ ಹೊಟ್ಟೆಯಲ್ಲಿ ಬದುಕುವ ಒಂದು ಬಗೆಯ ದಪ್ಪ ಹುಳು ಇದರಲ್ಲಿ ಬೆಳೆಯುತ್ತದೆ. ಮೂಗಿನ ರಕ್ತನಾಳಗಳಲ್ಲಿ ಸೇರಿಕೊಂಡು ಹಸು ಗೊರಗೊರ ಎಂದು ಉಸಿರಾಡುವಂತೆ ಮಾಡುವ ಮತ್ತೊಂದು ಹುಳುವೂ ಇದರಿಂದಲೇ ಬರುತ್ತದೆ. ಈ ಗೊರಕೆ ರೋಗದ ಹುಳುವನ್ನು 1933ರಲ್ಲಿ ವಿವರಿಸಿ ಹೆಸರಿಟ್ಟವರು ಮದ್ರಾಸ್ ಪ್ರಾಂತ್ಯದ ವಿಜ್ಞಾನಿ ಎಂ. ಅನಂತನಾರಾಯಣ ರಾವ್.

ಸರಿಯಾದ ಬಸವನಹುಳುವಿಗಾಗಿ ಹುಡುಕಾಟ

ಲಿವರ್ ಹುಳುವನ್ನು ಜನ ಶತಮಾನಗಳಿಂದ ಕಂಡಿದ್ದರು. ಆದರೆ ಅದು ಕುರಿಯೊಳಗೆ ಹೇಗೆ ಬರುತ್ತದೆ ಎಂಬುದು ಗೊತ್ತಿರಲಿಲ್ಲ. 1879-80ರ ಮಳೆಗಾಲದ ನಂತರ ಇಂಗ್ಲೆಂಡಿನಲ್ಲಿ ಸುಮಾರು 30 ಲಕ್ಷ ಕುರಿಗಳು ಇದರಿಂದ ಸತ್ತವು. ಆಗ ಆಕ್ಸ್‌ಫರ್ಡಿನ ಯುವ ವಿಜ್ಞಾನಿ ಆಲ್ಗರ್ನಾನ್ ಥಾಮಸ್‌ಗೆ ಕಾರಣ ಹುಡುಕುವ ಕೆಲಸ ಬಂತು. ಅವರು ಹುಳುವಿನ ಮೊಟ್ಟೆಗಳನ್ನು ಮರಿ ಮಾಡಿಸಿ, ಬೇರೆ ಬೇರೆ ಬಸವನಹುಳುಗಳ ಜೊತೆ ಇಟ್ಟು ನೋಡಿದರು. ಬೇಕಾದ ಸಣ್ಣ ಜಾತಿಯ ಲಿಮ್ನಿಯಾ ಸಾಕಷ್ಟು ಸಿಕ್ಕಿದ್ದು 1882ರಲ್ಲಿ. ಒಳಹೊಕ್ಕ ಮರಿಗಳು ಆ ಜಾತಿಯೊಳಗೆ ಚೆನ್ನಾಗಿ ಬೆಳೆದವು. ಅದೇ ಕಾಲಕ್ಕೆ ಜರ್ಮನಿಯ ಲ್ಯೂಕಾರ್ಟ್ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು. ಬಸವನಹುಳುವಿನ ಜಾತಿ ಗುರುತಿಸಲು ಬಾರದವರಿಗೆ ಈ ಒಗಟು ಬಿಡಿಸಲು ಸಾಧ್ಯವೇ ಇರಲಿಲ್ಲ.

ನಾಲೆಯ ಸೀಮೆ, ಕೆರೆಯ ಸೀಮೆ

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ವರ್ಷದ ಬಹುಪಾಲು ತೇವ ಇರುತ್ತದೆ. ಲಿಮ್ನಿಯಾಗೆ ಬೇಕಾದ್ದು ಅದೇ: ನಿಧಾನವಾಗಿ ಹರಿಯುವ ತೆಳು ನೀರು ಮತ್ತು ಪಾಚಿ. ಹಾಗಾದರೆ ಮಳೆ ಕಡಿಮೆ ಬೀಳುವ ನಾಗಮಂಗಲದ ಕಡೆ ಭಯವಿಲ್ಲವೇ? ಇದೆ, ಬೇರೆ ರೀತಿಯಲ್ಲಿ. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಂತೆ ಎಲ್ಲೆಡೆ ಮೇವು ಒಣಗಿ, ನೀರಿನ ಅಂಚಿನಲ್ಲಿ ಮಾತ್ರ ಹಸಿರು ಉಳಿಯುತ್ತದೆ. ಊರಿನ ದನವೆಲ್ಲ ಅಲ್ಲೇ ಮೇಯುತ್ತದೆ, ಅಲ್ಲೇ ಸಗಣಿ ಹಾಕುತ್ತದೆ. ಬಸವನಹುಳುಗಳೂ ಅದೇ ಅಂಚಿನಲ್ಲಿ ಒತ್ತಾಗಿ ಸೇರಿರುತ್ತವೆ. ನಾಲೆಯೂ ಕೆರೆಯೂ ಇರುವ ಕೆ.ಆರ್.ಪೇಟೆಯಲ್ಲಿ ಎರಡೂ ಬಗೆ ಕಾಣಬಹುದು.

ಹಿಂದೆ ಕೆಲವು ಕಡೆ ಬಸವನಹುಳು ಕೊಲ್ಲಲು ನೀರಿಗೆ ಮೈಲುತುತ್ತ ಹಾಕುತ್ತಿದ್ದರು. ಅದರಿಂದ ಮೀನೂ ಸಾಯುತ್ತದೆ, ನನಗೆ ಅದು ಸರಿ ಎನಿಸುವುದಿಲ್ಲ. ಬೇರೆ ದಾರಿಗಳಿವೆ. ಕೋಶಗಳು ಅಂಟಿರುವುದು ನೀರಿನ ಮಟ್ಟದಲ್ಲಿ, ಆದ್ದರಿಂದ ಹುಲ್ಲನ್ನು ಬುಡದಿಂದ ಕೊಯ್ಯದೆ ನೀರಿಗಿಂತ ಮೇಲಕ್ಕೆ ಕೊಯ್ಯಬೇಕು. ಹಸಿ ಹುಲ್ಲಿಗಿಂತ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬಣವೆ ಹಾಕಿದ ಮೇವು ಮೇಲು. ಸಗಣಿಯನ್ನು ತಿಪ್ಪೆಗೆ ಹಾಕಿದರೆ ಕೊಳೆಯುವಾಗಿನ ಶಾಖಕ್ಕೆ ಮೊಟ್ಟೆ ಸಾಯುತ್ತದೆ. ಬಾತುಕೋಳಿ ಸಾಕಿದವರಿಗೆ ಅವೇ ಬಸವನಹುಳು ಹಿಡಿಯುತ್ತವೆ. ಜಂತುಹುಳುವಿನ ಔಷಧಿಗಳಲ್ಲಿ ಎಲ್ಲವೂ ಈ ಹುಳುವಿಗೆ ನಾಟುವುದಿಲ್ಲ. ಪಶು ಆಸ್ಪತ್ರೆಯಲ್ಲಿ ಸಗಣಿ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ್ದನ್ನೇ ಕುಡಿಸಬೇಕೆಂದು ಮನೆಯಲ್ಲಿ ತಿಳಿಸಿ. ಹಾಲಿನಿಂದ ಈ ಹುಳು ನಮಗೆ ಬರುವುದಿಲ್ಲ. ನೀರಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿಂದರೆ ಅಪರೂಪಕ್ಕೆ ಮನುಷ್ಯರಿಗೂ ಬರಬಹುದು.

ಸಮುದ್ರದಲ್ಲಿ ಕಥೆ ತಿರುಗುಮುರುಗು

ಇಲ್ಲಿಯವರೆಗೆ ಬಸವನಹುಳು ಪರಾವಲಂಬಿಗೆ ಮನೆಯಾಗಿತ್ತು. ಬಸವನಹುಳುವೇ ಪರಾವಲಂಬಿಯಾದರೆ? ಸಮುದ್ರದಲ್ಲಿ ಅಂಥವು ಸಾವಿರಾರು ಜಾತಿಗಳಿವೆ. ಹೆಚ್ಚಿನವು ಅಕ್ಕಿಕಾಳಿನಷ್ಟು, ಕೆಲವು ಅದಕ್ಕೂ ಚಿಕ್ಕವು.

ಪಿರಮಿಡೆಲ್ಲಾ ಎಂಬ ಕುಟುಂಬದವು ಕಪ್ಪೆಚಿಪ್ಪು, ನೀರಿನ ಹುಳು ಮುಂತಾದವುಗಳ ಪಕ್ಕ ನಿಂತು, ಉದ್ದನೆಯ ಸೊಂಡಿಲು ಚಾಚಿ, ತುದಿಯ ಸೂಜಿಯಿಂದ ಚುಚ್ಚಿ ರಸ ಹೀರುತ್ತವೆ. ನಮ್ಮ ಸೊಳ್ಳೆಯ ಹಾಗೆ. ಯೂಲಿಮಾ ಕುಟುಂಬದವು ನಕ್ಷತ್ರಮೀನು, ಕಡಲಸೌತೆಗಳ ಮೇಲೆ ಬದುಕುತ್ತವೆ. ಸಾಮಾನ್ಯ ಬಸವನಹುಳುವಿಗೆ ಪಾಚಿ ಕೆರೆಯಲು ಅರದಂಥ ಒರಟು ನಾಲಿಗೆ ಇರುತ್ತದೆ. ಪಿರಮಿಡೆಲ್ಲಾಗಳಿಗೆ ಅದಿಲ್ಲ, ಯೂಲಿಮಾಗಳಲ್ಲೂ ಬಹುತೇಕಕ್ಕೆ ಇಲ್ಲ. ಹಾಗಾಗಿ ಹಿಂದೆ ಇವೆರಡನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. ಎರಡೂ ಬೇರೆ ಬೇರೆಯಾಗಿ ಆ ನಾಲಿಗೆಯನ್ನು ಕಳೆದುಕೊಂಡವು ಎಂದು ಈಗ ತಿಳಿದಿದೆ.

ಪಿರಮಿಡೆಲ್ಲಾಗೆ ಮುಚ್ಚಳವಿದೆ. ಹಾಗಾದರೆ ಅದು ನಮ್ಮ ಪೈಲಾದ ಹತ್ತಿರದ ನೆಂಟನೇ? ಬಹಳ ಕಾಲ ವಿಜ್ಞಾನಿಗಳು ಅದನ್ನು ಮುಚ್ಚಳದವರ ಪಂಕ್ತಿಯಲ್ಲೇ ಕೂರಿಸಿದ್ದರು. ಆದರೆ ಅದರ ಚಿಪ್ಪಿನ ತುದಿಯಲ್ಲಿ ಒಂದು ಗುಟ್ಟಿತ್ತು. ಮರಿಯಾಗಿದ್ದಾಗ ಚಿಪ್ಪು ಎಡಕ್ಕೆ ಸುತ್ತುತ್ತದೆ, ಬೆಳೆಯುವಾಗ ಬಲಕ್ಕೆ ತಿರುಗುತ್ತದೆ. ದೇಹದ ಒಳರಚನೆ ಮತ್ತು ಡಿಎನ್‌ಎ ಪರೀಕ್ಷೆಗಳೂ ಸೇರಿ, ಅದು ಮುಚ್ಚಳವಿಲ್ಲದ ಲಿಮ್ನಿಯಾದ ಬಳಗಕ್ಕೆ ಸೇರಿದ್ದು ಎಂದು ಈಗ ಒಪ್ಪಿದ್ದಾರೆ. ಯೂಲಿಮಾ ಇರುವುದು ಪೈಲಾದ ಕಡೆಗೆ. ನಮ್ಮ ಗದ್ದೆಯಲ್ಲಿ ಚೆನ್ನಾಗಿ ನಡೆಯುವ ಮುಚ್ಚಳದ ಲೆಕ್ಕ ಕಡಲಿನಲ್ಲಿ ನಡೆಯಲಿಲ್ಲ ನೋಡಿ!

ಇನ್ನೂ ವಿಚಿತ್ರ ಕೇಳಿ. 1851ರಲ್ಲಿ ಜರ್ಮನಿಯ ಯೊಹಾನ್ನೆಸ್ ಮ್ಯೂಲರ್ ಒಂದು ಬಗೆಯ ಕಡಲಸೌತೆಯನ್ನು ಸೀಳಿ ನೋಡಿದಾಗ ಒಳಗೆ ಹುಳುವಿನಂಥ ಒಂದು ಕೊಳವೆ ಇತ್ತು. ಕಣ್ಣಿಲ್ಲ, ಪಾದವಿಲ್ಲ, ಚಿಪ್ಪಿಲ್ಲ. ಆದರೆ ಆ ಕೊಳವೆಯ ತುಂಬಾ ಚಿಪ್ಪು ಹೊತ್ತ ಪುಟಾಣಿ ಬಸವನಹುಳು ಮರಿಗಳು! ಕಡಲಸೌತೆಯೇ ಬಸವನಹುಳು ಹೆರುತ್ತದೆಯೇ ಎಂದು ಮ್ಯೂಲರ್ ಗೊಂದಲಕ್ಕೆ ಬಿದ್ದರು. ನಿಜವಾಗಿ ಆ ಕೊಳವೆಯೇ ತಾಯಿ ಬಸವನಹುಳು. ಆತಿಥೇಯದ ಒಳಗೆ ಸುಖವಾಗಿದ್ದು ಚಿಪ್ಪು, ಪಾದ ಎಲ್ಲವನ್ನೂ ಬಿಟ್ಟಿತ್ತು. ಇದೂ ಯೂಲಿಮಾ ಕುಟುಂಬದ್ದೇ. ಮರಿಯ ಬೆನ್ನ ಮೇಲೆ ಚಿಪ್ಪು ಇರದಿದ್ದರೆ ತಾಯಿ ಯಾರೆಂದು ಗೊತ್ತಾಗುತ್ತಲೇ ಇರಲಿಲ್ಲ.

ಮಾಡಿ ನೋಡಿ

ಶಿಕ್ಷಕರ ಜೊತೆಗೆ ಮಾಡಿ. ನಾಲೆಗೆ ಇಳಿಯಬೇಡಿ, ಗದ್ದೆಯ ಬದು ಸಾಕು. ಟೀ ಸೋಸುವ ಜಾಲರಿಯನ್ನು ಕೋಲಿಗೆ ಕಟ್ಟಿ ಬಸವನಹುಳುಗಳನ್ನು ಎತ್ತಿ, ನೀರು ತುಂಬಿದ ಗಾಜಿನ ಬಾಟಲಿಗೆ ಹಾಕಿ. ಸತ್ತವುಗಳ ಖಾಲಿ ಚಿಪ್ಪಿನಲ್ಲಿ ಮುಚ್ಚಳ ಉದುರಿ ಹೋಗಿರುತ್ತದೆ, ಆದ್ದರಿಂದ ಜೀವಂತವಾಗಿರುವುದೇ ಬೇಕು. ಕಡ್ಡಿಯಿಂದ ಮುಟ್ಟಿದಾಗ ಬಾಗಿಲು ಹಾಕಿಕೊಂಡವು ಎಷ್ಟು, ಗಾಳಿಗಾಗಿ ಮೇಲೆ ಬಂದವು ಎಷ್ಟು, ಚಕ್ಕುಲಿಯ ಆಕಾರದವು ಎಷ್ಟು ಎಂದು ಬರೆದುಕೊಳ್ಳಿ. ಚೂಪು ತುದಿಯ ಖಾಲಿ ಚಿಪ್ಪು ಸಿಕ್ಕರೆ ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಬಾಯಿ ಬಲಕ್ಕಿದ್ದರೆ ಬಲಸುತ್ತು, ಎಡಕ್ಕಿದ್ದರೆ ಎಡಸುತ್ತು.

ಬಾಟಲಿಯನ್ನು ಒಂದೆರಡು ಗಂಟೆ ಬೆಳಕಿನಲ್ಲಿಟ್ಟರೆ ಬಸವನಹುಳುವಿನಿಂದ ಬಿಳಿ ಚುಕ್ಕಿಗಳಂಥವು ಹೊರಬಂದು ಈಜುವುದು ಕಾಣಬಹುದು. ಆ ನೀರಿಗೆ ಬೆರಳು ಅದ್ದಬೇಡಿ. ಚಕ್ಕುಲಿ ಬಸವನಹುಳುವಿನಿಂದ ಬರುವ ಕೆಲವು ಮರಿಗಳು ಚರ್ಮ ಹೊಕ್ಕು ತುರಿಕೆ ಹುಟ್ಟಿಸುತ್ತವೆ. ನಾಟಿ ಗದ್ದೆಯಲ್ಲಿ ದುಡಿಯುವವರ ಕಾಲು ಕೆಲವೊಮ್ಮೆ ಕೆರೆಯುವುದು ಇದರಿಂದಲೇ. ನೋಡಿ ಮುಗಿದ ಮೇಲೆ ಬಾಟಲಿಯ ನೀರನ್ನು ಬಿಸಿಲಿರುವ ಒಣ ನೆಲಕ್ಕೆ ಚೆಲ್ಲಿ, ಗದ್ದೆಗಾಗಲಿ ನಾಲೆಗಾಗಲಿ ಬೇಡ. ಸೋಪು ಹಾಕಿ ಕೈ ತೊಳೆಯಿರಿ. ಆಮೇಲೆ ನಿಮ್ಮ ಲೆಕ್ಕವನ್ನು ಪಕ್ಕದ ಊರಿನ ಶಾಲೆಯ ಲೆಕ್ಕದ ಜೊತೆ ಹೋಲಿಸಿ: ಲಿಮ್ನಿಯಾ ಯಾರ ಗದ್ದೆಯಲ್ಲಿ ಹೆಚ್ಚು?