ಪುರುಷ ಸಂಗಾತಿಗಳೂ ಗುಹ್ಯರೋಗ ಪರೀಕ್ಷೆಯೂ

ಗೃಹಸ್ಥ ದಂಪತಿಗಳಿಗಾಗಿ ಹೊರಡುವ ಈ ಪುಸ್ತಿಕೆಯಲ್ಲಿ ಪುರುಷ ಪುರುಷರ ದೇಹಸಂಬಂಧದ ವಿಚಾರವೇಕೆಂದು ಓದುಗರು ಕೇಳಬಹುದು. ಪುರುಷನಲ್ಲಿಯೇ ಅನುರಾಗವುಳ್ಳ ಪುರುಷರು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿಯೂ ಇದ್ದಾರೆ. ಹಿರಿಯರ ಮಾತಿಗೆ ಕಟ್ಟುಬಿದ್ದು ಅವರಲ್ಲಿ ಅನೇಕರು ಮದುವೆಯಾಗಿ, ಮಕ್ಕಳ ತಂದೆಯರಾಗಿ ಸಂಸಾರ ನಡೆಸುತ್ತಿದ್ದಾರೆ. ಆದುದರಿಂದ ಇಂತಹ ಸಂಗಾತಿಗಳಲ್ಲಿ ಒಬ್ಬನಿಗೆ ಅಂಟಿದ ರೋಗವು ಹೆಂಡತಿಗೂ, ಆಕೆಯ ಗರ್ಭದಲ್ಲಿರುವ ಶಿಶುವಿಗೂ ತಲುಪಬಹುದು.

ಈ ಸಂಬಂಧವು ರೋಗವಲ್ಲ, ಅಪರಾಧವೂ ಅಲ್ಲ. ವಯಸ್ಕರಿಬ್ಬರು ಒಪ್ಪಿ ಏಕಾಂತದಲ್ಲಿ ನಡೆಸುವ ಸಂಬಂಧವನ್ನು ಅಂದಿನ ದಂಡ ಸಂಹಿತೆಯ 377ನೆಯ ಕಲಮಿನಿಂದ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೊರಗಿಟ್ಟಿತು. ರೋಗವೆಂದರೆ ಸಿಫಿಲಿಸ್, ಗೊನೋರಿಯಾ, ಎಚ್.ಐ.ವಿ., ಹೆಪಟೈಟಿಸ್-ಬಿ ಮೊದಲಾದವು.

ಕೆಲವು ಕಾಲದ ಹಿಂದೆ ಇಬ್ಬರು ಗೆಳೆಯರು ನನ್ನಲ್ಲಿಗೆ ಬಂದಿದ್ದರು. ಗೋವೆಗೆ ದುಡಿಯಲು ಹೋಗಿಬರುತ್ತಿದ್ದವನಿಗೆ ಜನನೇಂದ್ರಿಯದ ಮೇಲೆ ನೋವಿಲ್ಲದ ಹುಣ್ಣೊಂದು ಎದ್ದು, ತಾನಾಗಿಯೇ ಮಾಯ್ದಿತ್ತು. "ನನಗೇನೂ ಇಲ್ಲರೀ ಸಾಹೇಬ್ರ, ಇವನ್ನಷ್ಟ ನೋಡ್ರಿ" ಎಂದನು ಎರಡನೆಯವನು. ಅವರ ಸಂಬಂಧವನ್ನು ಕೇಳಲು ನಾನೂ ಅಂದು ಸಂಕೋಚಪಟ್ಟೆನು; ಅದು ನನ್ನ ತಪ್ಪು. ಮರುವಾರ ಕೇಳಿದೆನು. ಇಬ್ಬರ ರಕ್ತವನ್ನೂ ಪರೀಕ್ಷಿಸಿದಾಗ ಇಬ್ಬರಲ್ಲಿಯೂ ಸಿಫಿಲಿಸ್ ಕಂಡುಬಂದಿತು. "ಏನೂ ಇಲ್ಲ"ವೆಂದವನ ಹೆಂಡತಿ ಐದು ತಿಂಗಳ ಗರ್ಭಿಣಿ. ಆಕೆಯನ್ನು ಕರೆತರಲು ಆತನಿಗೆ ಎರಡು ವಾರ ಹಿಡಿಯಿತು. ಆಕೆಗೂ ಪೆನಿಸಿಲಿನ್ ಸೂಜಿಮದ್ದು ಕೊಟ್ಟೆವು, ಹೆರಿಗೆ ಸುಸೂತ್ರವಾಯಿತು. ಚಿಕಿತ್ಸೆಯಾಗದಿದ್ದರೆ ಸಿಫಿಲಿಸ್‌ನಿಂದ ಗರ್ಭಪಾತವಾಗಬಹುದು, ಮಗು ಸತ್ತು ಹುಟ್ಟಬಹುದು.

ಸಿಫಿಲಿಸ್ ಹುಣ್ಣು ಮೂರರಿಂದ ಆರು ವಾರಗಳಲ್ಲಿ ಮದ್ದಿಲ್ಲದೆಯೂ ಮಾಯುತ್ತದೆ, ಆದರೆ ರೋಗವು ದೇಹದಲ್ಲಿಯೇ ಉಳಿಯುತ್ತದೆ. ಗುದದ್ವಾರದ ಒಳಗೆ ಅಥವಾ ಬಾಯಿಯಲ್ಲಿ ಹುಣ್ಣಾದರೆ ರೋಗಿಗೆ ಅದು ತಿಳಿಯುವುದೇ ಇಲ್ಲ. ಗೊನೋರಿಯಾ ಸಹ ಗಂಟಲಿನಲ್ಲಿ, ಗುದದಲ್ಲಿ ಬಹುಶಃ ಯಾವ ಲಕ್ಷಣವನ್ನೂ ತೋರದು. ಮೂತ್ರಪರೀಕ್ಷೆಯಲ್ಲಿ ಅದು ಸಿಕ್ಕದು, ಆಯಾ ಭಾಗದಿಂದಲೇ ಹತ್ತಿಕಡ್ಡಿಯಲ್ಲಿ ದ್ರವ ತೆಗೆಯಬೇಕು. ಆದಕಾರಣ ಸಂಬಂಧವು ಯಾವ ರೀತಿಯದೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಹೇಳದಿದ್ದರೆ ಎಲ್ಲಿ ನೋಡಬೇಕೆಂಬುದೇ ವೈದ್ಯರಿಗೆ ತಿಳಿಯುವುದಿಲ್ಲ.

"ಗೆಳೆಯನ ವರದಿ ಸರಿಯಿದೆ, ನನ್ನದೂ ಸರಿಯಿರಬೇಕು" ಎಂದು ನಂಬುವವರು ಬಹಳ. ಎಚ್.ಐ.ವಿ. ಒಬ್ಬನಲ್ಲಿದ್ದು ಇನ್ನೊಬ್ಬನಲ್ಲಿ ಇಲ್ಲದಿರಬಹುದು. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಯು ಅದನ್ನು ತೋರಿಸದಿರುವುದೂ ಉಂಟು; ಆದುದರಿಂದ ಮೂರು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ರಕ್ತ ಕೊಡಬೇಕು. ಎಚ್.ಐ.ವಿ. ಇದೆಯೆಂದಾದರೆ ಔಷಧಿಯು ಸರಕಾರದಿಂದ ಉಚಿತ. ದಿನವೂ ಸೇವಿಸಿ ರಕ್ತದಲ್ಲಿ ವೈರಾಣು ಕಾಣದಷ್ಟು ತಗ್ಗಿ ಹಾಗೆಯೇ ಉಳಿದವನಿಂದ ದೇಹಸಂಬಂಧದ ಮೂಲಕ ಅದು ಹರಡುವುದಿಲ್ಲ.

ತಾಲೂಕಾ ಆಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರದಲ್ಲಿ ಎಚ್.ಐ.ವಿ. ಪರೀಕ್ಷೆಯೂ ಆಪ್ತಸಮಾಲೋಚನೆಯೂ ಉಚಿತ. ಹೋಗಲು ಅಂಜುವವರು ಮೊದಲು 1097 ಸಂಖ್ಯೆಗೆ ದೂರವಾಣಿ ಮಾಡಬಹುದು, ಹಣ ತಗಲುವುದಿಲ್ಲ. ಎಚ್.ಐ.ವಿ. ಕುರಿತ 2017ರ ಕಾಯಿದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಊರವರಿಗೆ ಹೇಳುವಂತಿಲ್ಲ. ಅಪಾಯದಲ್ಲಿರುವ ಸಂಗಾತಿಗೆ ತಿಳಿಸಲು ಮಾತ್ರ ವೈದ್ಯರಿಗೆ ಕೆಲವು ನಿಬಂಧನೆಗಳೊಡನೆ ಅವಕಾಶವಿದೆ. ನನ್ನ ಅನುಭವದಲ್ಲಿ, ಗಂಡನೇ ಆಪ್ತಸಮಾಲೋಚಕರ ಎದುರಿನಲ್ಲಿ ಹೆಂಡತಿಗೆ ಹೇಳುವುದು ಮೇಲು.

ಚಿಕಿತ್ಸೆ ಮುಗಿಯುವವರೆಗೆ ಸಂಬಂಧ ಬೇಡ. ಆಮೇಲೆಯೂ ನಿರೋಧ್ ಬಳಸಬೇಕು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಾರದು. ರಬ್ಬರು ದುರ್ಬಲವಾಗಿ ಹರಿಯುತ್ತದೆ, ನೀರಿನಲ್ಲಿ ಕರಗುವ ಜೆಲ್ ಸಾಕು. ಸಿಫಿಲಿಸ್‌ಗೆ ಮದ್ದು ಪಡೆದವರು ಆರು ತಿಂಗಳಿಗೆ ಮತ್ತು ವರ್ಷಕ್ಕೆ ಪುನಃ ರಕ್ತ ತೋರಿಸಬೇಕು; ಆಗಲೂ ಇಬ್ಬರೂ ಕೂಡಿಯೇ ಬರುವುದು ಲೇಸು.