ತೆರೆ ಕತ್ತಲಾದಾಗ: ಹಳೆಯ ಗಣಕಯಂತ್ರದ ಪರೀಕ್ಷೆಯ ಒಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಯಂತ್ರಗಳ ನಡುವೆಯೇ ದಿನ ಕಳೆಯುವ ನಾನು ಏನನ್ನು ಬರೆಯಬಲ್ಲೆನೆಂಬ ಸಂಕೋಚ ನನ್ನನ್ನು ಕಾಡಿತು. ಆದರೆ ಇದೇ ಸಂಚಿಕೆಗಾಗಿ ಹಳೆಯ ದಾಖಲೆಗಳನ್ನು ಹುಡುಕುತ್ತಿದ್ದಾಗ ಒದಗಿದ ಒಂದು ಪ್ರಸಂಗವೇ ನನಗೆ ವಿಷಯವನ್ನು ಕೊಟ್ಟಿತು. ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಇಂಥದೇ ಯಂತ್ರಗಳು ಮೂಲೆ ಹಿಡಿದು ಕುಳಿತಿರಬಹುದಾದುದರಿಂದ ಅದನ್ನು ಪಾಠದ ರೂಪದಲ್ಲಿ ಇಲ್ಲಿ ಇಡುತ್ತಿದ್ದೇನೆ.

ಶಾಲೆಯ ಕಾರ್ಯಾಲಯದ ಎತ್ತರದ ಕಪಾಟಿನ ಮೇಲೆ ಗಣಕಯಂತ್ರವೊಂದು ಬಟ್ಟೆ ಹೊದ್ದು ಕುಳಿತಿತ್ತು. 2004ರ ಸುಮಾರಿಗೆ ಬಂದ ಯಂತ್ರವದು. ಗುಂಡಿ ಒತ್ತಿದರೆ ಒಳಗಿನ ಪಂಖ ತಿರುಗುತ್ತಿತ್ತು, ಹಸಿರು ದೀಪ ಹೊತ್ತುತ್ತಿತ್ತು; ತೆರೆಯ ಮೇಲೆ ಮಾತ್ರ ಒಂದು ಚುಕ್ಕೆಯೂ ಮೂಡುತ್ತಿರಲಿಲ್ಲ. “ಅದು ಸತ್ತು ಭಾಳ ವರ್ಷ ಆತ್ರೀ ಸರ. ನಾಳೆ ಭಂಗಾರದಾಂವ ಬರ್ತಾನ, ತೂಕಕ್ಕ ಹಾಕಿ ಬಿಡೂಣ್ರಿ” ಎಂದರು ಸಿಪಾಯಿ ಮಾಮಾ.

ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಗುರುಗಳೊಬ್ಬರು ಶಾಲೆ ಬಿಟ್ಟು ಹೋದ ವಿದ್ಯಾರ್ಥಿಗಳ ಹೆಸರುಗಳನ್ನು ವರ್ಷವಾರು ಅದರಲ್ಲಿಯೇ ಬೆರಳಚ್ಚು ಮಾಡಿದ್ದರು. 2005ರ ಮಹಾಪೂರದ ಕುರಿತು ಮಕ್ಕಳು ಬರೆದ ಪ್ರಬಂಧಗಳೂ ಅದರಲ್ಲಿದ್ದವು. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ ಮತ್ತು ಪಂಚಗಂಗಾ ನದಿಗಳು ಶಿರೋಳ ತಾಲೂಕನ್ನೇ ಆವರಿಸಿದಾಗ ಆ ಪಟ್ಟಿಯ ಕಾಗದದ ಪ್ರತಿ ನೀರಿನಲ್ಲಿ ನೆನೆದು ಮುದ್ದೆಯಾಯಿತು. ಎತ್ತರದಲ್ಲಿದ್ದುದರಿಂದ ಯಂತ್ರಕ್ಕೆ ನೀರು ತಾಗಲಿಲ್ಲ. ಎಂದ ಮೇಲೆ ಉಳಿದಿರಬಹುದಾದ ಒಂದೇ ಪ್ರತಿ ಆ ಕತ್ತಲ ತೆರೆಯ ಹಿಂದೆ ಇತ್ತು. “ಒಂದು ದಿನ ತಡೀರಿ ಮಾಮಾ” ಎಂದು ಕೇಳಿಕೊಂಡೆ.

ಮೊದಲನೆಯ ಮಾತು

ತೆರೆ ಕತ್ತಲಾಯಿತೆಂದರೆ ಯಂತ್ರ ಸತ್ತಿತೆಂದು ಅರ್ಥವಲ್ಲ. ಯಂತ್ರ ಸತ್ತರೂ ಅದರಲ್ಲಿ ಬರೆದಿಟ್ಟದ್ದು ಅಳಿಯಿತೆಂದು ಅರ್ಥವಲ್ಲ. ಮಾನಿಟರ್, ಅದರ ಕೇಬಲ್, ವಿದ್ಯುತ್ ಪೆಟ್ಟಿಗೆ, ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಇವುಗಳಲ್ಲಿ ಯಾವುದೊಂದು ತಪ್ಪಿದರೂ ಚಿತ್ರ ಮೂಡುವುದಿಲ್ಲ. ಬರವಣಿಗೆ ಇರುವುದಾದರೋ ಹಾರ್ಡ್ ಡಿಸ್ಕಿನಲ್ಲಿ. ಅದು ಈ ಸರಪಳಿಯಿಂದ ಬೇರೆಯಾದುದು. ಆದುದರಿಂದ ಗಾಬರಿಯಾಗದೆ ಹೊರಗಿನಿಂದ ಒಳಗೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತ ಪರೀಕ್ಷಿಸಬೇಕು. ನಾಲ್ಕು ಭಾಗಗಳನ್ನು ಒಮ್ಮೆಲೇ ಬದಲಿಸಿದರೆ ಯಂತ್ರ ನಡೆದೀತು. ದೋಷ ಎಲ್ಲಿತ್ತೆಂಬುದು ಮಾತ್ರ ತಿಳಿಯಲಾರದು.

ಎಚ್ಚರಿಕೆಯ ಎರಡು ಮಾತುಗಳು ಇಲ್ಲಿಯೇ ಇರಲಿ. ಹಳೆಯ ಗಾಜಿನ ಕೊಳವೆಯ ಮಾನಿಟರನ್ನು ಯಾರೂ ಬಿಚ್ಚಬಾರದು. ಅದರೊಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವಿದ್ದು, ಪ್ಲಗ್ ತೆಗೆದ ಮೇಲೂ ಅದು ಉಳಿದಿರುತ್ತದೆ. ವಿದ್ಯುತ್ ಪೆಟ್ಟಿಗೆಯನ್ನು ಬಿಚ್ಚುವುದೂ ಅಷ್ಟೇ ಅಪಾಯಕರ. ಇನ್ನು ಪೂರದ ನೀರು ಹೊಕ್ಕ ಯಂತ್ರಕ್ಕೆ “ನಡೆಯುತ್ತದೋ ನೋಡೋಣ” ಎಂದು ವಿದ್ಯುತ್ ಕೊಡಲೇಬಾರದು. ಅಂಥದನ್ನು ನೇರವಾಗಿ ಬಲ್ಲವರ ಕೈಗೆ ಒಪ್ಪಿಸುವುದು ಒಳಿತು.

ಹೊರಗಿನ ಪರೀಕ್ಷೆ

ಮೊದಲು ಮಾನಿಟರನ್ನು ನೋಡಿದೆ. ಅದಕ್ಕೆ ಪ್ರತ್ಯೇಕವಾದ ವಿದ್ಯುತ್ ತಂತಿಯಿದೆಯಷ್ಟೆ. ಅದರ ದೀಪ ಹೊತ್ತದಿದ್ದರೆ ದೋಷ ಅಲ್ಲಿಯೇ ಇರುವ ಸಂಭವ ಹೆಚ್ಚು. ದೀಪ ಕೇಸರಿ ಬಣ್ಣಕ್ಕೆ ತಿರುಗಿ ನಿಂತರೆ ಅಥವಾ ಮಿನುಗುತ್ತಿದ್ದರೆ, ಸಾಮಾನ್ಯವಾಗಿ ಮಾನಿಟರ್ ಎಚ್ಚರವಾಗಿದೆ, ಅದಕ್ಕೆ ಸಂಕೇತ ಬರುತ್ತಿಲ್ಲ ಎಂದರ್ಥ. ಇದನ್ನು ಖಚಿತಪಡಿಸಿಕೊಳ್ಳಲು ಸುಲಭವಾದ ಉಪಾಯವೊಂದುಂಟು. ಮಾನಿಟರನ್ನು ಹೊತ್ತಿಸಿ, ಅದರ ನೀಲಿ ಬಣ್ಣದ, ಹದಿನೈದು ಸೂಜಿಗಳ ವಿ.ಜಿ.ಎ. ಕೇಬಲನ್ನು ಸಿ.ಪಿ.ಯು. ಪೆಟ್ಟಿಗೆಯ ಹಿಂಬದಿಯಿಂದ ಬಿಡಿಸಬೇಕು. ಆಗ ಬಹುತೇಕ ಮಾನಿಟರುಗಳು ಸಂಕೇತವಿಲ್ಲವೆಂದೋ ಕೇಬಲ್ ನೋಡಿರೆಂದೋ ತಾವಾಗಿಯೇ ಬರೆದು ತೋರಿಸುತ್ತವೆ. ನಮ್ಮ ಮಾನಿಟರ್ ಹಾಗೆ ಬರೆಯಿತು; ಅಲ್ಲಿಗೆ ಅದು ನಿರ್ದೋಷಿಯೆಂದಾಯಿತು.

ಕೇಬಲಿನ ಸೂಜಿಗಳಲ್ಲಿ ಯಾವುದಾದರೂ ಬಾಗಿದೆಯೋ ಎಂದು ನೋಡಬೇಕು. ಒಂದೆರಡು ಸೂಜಿಗಳು ಹುಟ್ಟಿನಿಂದಲೇ ಇಲ್ಲದಿರುವುದೂ ಉಂಟು; ಅದು ದೋಷವಲ್ಲ. ಪೆಟ್ಟಿಗೆಯ ಹಿಂದೆ ಎರಡು ವಿ.ಜಿ.ಎ. ಕಿಂಡಿಗಳಿದ್ದರೆ, ಒಂದು ಮದರ್‌ಬೋರ್ಡಿನದು, ಇನ್ನೊಂದು ಗ್ರಾಫಿಕ್ಸ್ ಕಾರ್ಡಿನದು. ಕಾರ್ಡ್ ಇರುವಾಗ ಕೇಬಲನ್ನು ಕಾರ್ಡಿಗೇ ಜೋಡಿಸಬೇಕು. ಈ ಸಣ್ಣ ತಪ್ಪಿಗಾಗಿ ದುರಸ್ತಿ ಅಂಗಡಿಯವರೆಗೆ ಹೊತ್ತು ತಂದ ಯಂತ್ರಗಳನ್ನು ನಾನು ಎಷ್ಟೋ ಕಂಡಿದ್ದೇನೆ.

ಪಂಖ ತಿರುಗಿದರೆ ಸಾಲದು

“ಪಂಖ ತಿರುಗತೈತಿ, ಅಂದ್ರ ಕರೆಂಟ್ ಸರಿ ಐತಿ” ಎಂದು ನಾವೆಲ್ಲ ತಿಳಿಯುತ್ತೇವೆ. ಇದು ಅರ್ಧ ಸತ್ಯ. ಎಸ್.ಎಂ.ಪಿ.ಎಸ್. ಎಂದು ಕರೆಯುವ ವಿದ್ಯುತ್ ಪೆಟ್ಟಿಗೆಯು ಗೋಡೆಯಿಂದ ಬರುವ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸಿ ಹಂಚುತ್ತದೆ. ಪಂಖಕ್ಕೆ ಬೇಕಾದುದು 12 ವೋಲ್ಟ್ ಮಾತ್ರ. ಅದೂ ಸ್ವಲ್ಪ ಕಡಿಮೆಯಾದರೆ ಪಂಖ ದೂರುವುದಿಲ್ಲ, ನಿಧಾನವಾಗಿ ತಿರುಗುತ್ತದೆ. ಪ್ರೊಸೆಸರಿನ ಸ್ವಭಾವ ಹಾಗಲ್ಲ. ಮಲ್ಟಿಮೀಟರ್ ಹಿಡಿದು ಅಳೆದರೆ ಕಪ್ಪು ಮತ್ತು ಹಳದಿ ತಂತಿಗಳ ನಡುವೆ 11.4ರಿಂದ 12.6, ಕಪ್ಪು ಮತ್ತು ಕೆಂಪು ತಂತಿಗಳ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ನಮ್ಮದರಲ್ಲಿ ಇವು ಸರಿಯಾಗಿದ್ದವು. ಪೆಂಟಿಯಂ 4ರ ಕಾಲದಿಂದ ಪ್ರೊಸೆಸರಿಗೆ ನಾಲ್ಕು ಸೂಜಿಗಳ ಪ್ರತ್ಯೇಕ ತಂತಿಯೂ ಬಂದಿದೆ. ಅದು ಸಡಿಲವಾಗಿದ್ದರೂ ಪಂಖಗಳು ತಿರುಗುತ್ತವೆ, ತೆರೆ ಮಾತ್ರ ಕತ್ತಲಾಗಿಯೇ ಉಳಿಯುತ್ತದೆ.

ಬಳಿಕ ಪ್ಲಗ್ ತೆಗೆದು, ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ, ಒಳಗಿನ ಧೂಳನ್ನು ಮೃದುವಾದ ಬ್ರಷ್ಷಿನಿಂದ ತೆಗೆದೆ. ಮದರ್‌ಬೋರ್ಡಿನ ಮೇಲೆ ನಿಂತಿರುವ ಸಣ್ಣ ಡಬ್ಬಿಗಳಂಥ ಕೆಪಾಸಿಟರುಗಳ ನೆತ್ತಿ ಚಪ್ಪಟೆಯಾಗಿರಬೇಕು. 2000ರ ಆಸುಪಾಸಿನ ವರ್ಷಗಳಲ್ಲಿ ತಯಾರಾದ ಅನೇಕ ಬೋರ್ಡುಗಳಲ್ಲಿ ಇವು ಕಳಪೆಯಾಗಿದ್ದು, ಕೆಲವೇ ವರ್ಷಗಳಲ್ಲಿ ಉಬ್ಬಿ ಸೋರಿದವು. ಹಾಗೆ ಉಬ್ಬಿದ್ದರೆ ಬೆಸುಗೆ ಬಲ್ಲವರಿಂದ ಬದಲಿಸಬೇಕು. ನಮ್ಮ ಪುಣ್ಯಕ್ಕೆ ಇಲ್ಲಿ ಎಲ್ಲವೂ ನೆಟ್ಟಗಿದ್ದವು.

ಯಂತ್ರದ ದೂರು

ಗುಂಡಿ ಒತ್ತಿದೊಡನೆ ಗಣಕಯಂತ್ರವು ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಬಯಾಸ್ ಎಂಬ ಚಿಪ್ಪಿನಲ್ಲಿರುವ ಸೂಚನೆಗಳ ಪ್ರಕಾರ ಪ್ರೊಸೆಸರ್, ರ‍್ಯಾಮ್ ಮೊದಲಾದ ಅವಶ್ಯ ಭಾಗಗಳು ನೆಟ್ಟಗಿವೆಯೋ ಎಂದು ನೋಡಿ, ಅನಂತರ ಚಿತ್ರವನ್ನು ತೋರಿಸುತ್ತದೆ. ಚಿತ್ರ ಮೂಡುವ ಮೊದಲೇ ದೋಷ ಕಂಡರೆ ಅದನ್ನು ಬರೆದು ತಿಳಿಸುವ ದಾರಿಯಿಲ್ಲ. ಆದುದರಿಂದ ಸಣ್ಣ ಸ್ಪೀಕರಿನ ಮೂಲಕ ಬೀಪ್ ಎಂದು ಕೂಗಿ ತಿಳಿಸುತ್ತದೆ. ಕೂಗಿನ ಅರ್ಥ ಬಯಾಸ್ ತಯಾರಿಸಿದ ಕಂಪನಿಯಂತೆ ಬೇರೆಯಾಗುತ್ತದೆ. ಅವಾರ್ಡ್ ಬಯಾಸಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಕೂಗುಗಳು ಬಂದರೆ ಚಿತ್ರದ ಭಾಗದಲ್ಲಿ ದೋಷ. ಉದ್ದನೆಯ ಕೂಗು ಮತ್ತೆ ಮತ್ತೆ ಬರುತ್ತಿದ್ದರೆ ರ‍್ಯಾಮಿನಲ್ಲಿ ದೋಷ. ಎ.ಎಂ.ಐ. ಬಯಾಸಿನಲ್ಲಿ ಎಂಟು ಗಿಡ್ಡ ಕೂಗುಗಳು ಚಿತ್ರದ ದೋಷವನ್ನು ಹೇಳುತ್ತವೆ.

ನಮ್ಮ ಯಂತ್ರ ಕೂಗಲೇ ಇಲ್ಲ. ಮೌನವು ಕೂಗಿಗಿಂತ ಕೆಟ್ಟದ್ದು. ಪ್ರೊಸೆಸರೇ ಹೋಗಿರಬಹುದೆಂಬ ಅಂಜಿಕೆ ಹುಟ್ಟಿತು. ಆದರೆ ಟಾರ್ಚ್ ಹಿಡಿದು ನೋಡಿದಾಗ ಸ್ಪೀಕರಿನ ತಂತಿಯೇ ಬೋರ್ಡಿನಿಂದ ಕಳಚಿತ್ತು. ಅದನ್ನು ಜೋಡಿಸಿ ಗುಂಡಿ ಒತ್ತಿದೆ. ಉದ್ದನೆಯ ಕೂಗು ಒಂದರ ಹಿಂದೆ ಒಂದು ಬರತೊಡಗಿತು. ಆ ಕರ್ಕಶ ಧ್ವನಿಯನ್ನು ಕೇಳಿ ನಾನು ಹಿಗ್ಗಿದ್ದನ್ನು ಕಂಡು ಮಾಮಾ ಬೆರಗಾದರು. ದೂರು ಹೇಳಬಲ್ಲ ಯಂತ್ರ ಬದುಕಿದೆ ಎಂದೇ ಅರ್ಥ. ರ‍್ಯಾಮನ್ನು ಪೂರ್ಣವಾಗಿ ತೆಗೆದು ಗುಂಡಿ ಒತ್ತಿದಾಗಲೂ ಅದು ಹಾಗೆಯೇ ಕೂಗಿತು. ಪ್ರೊಸೆಸರೂ ಬಯಾಸೂ ಕೆಲಸ ಮಾಡುತ್ತಿವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ರಬ್ಬರಿನ ಚಿಕಿತ್ಸೆ

ನದಿಯ ದಂಡೆಯ ಊರು ನಮ್ಮದು. ತೇವದ ಗಾಳಿ, ವರ್ಷಗಳ ಧೂಳು ಎರಡೂ ಸೇರಿ ರ‍್ಯಾಮ್ ಪಟ್ಟಿಯ ಅಂಚಿನ ಸಂಪರ್ಕಗಳ ಮೇಲೆ ಮಂಕು ಹಿಡಿದಿತ್ತು. ಕಾಣುವ ಹೊಲಸಲ್ಲ ಅದು. ಆದರೂ ವಿದ್ಯುತ್ತಿನ ದಾರಿಯನ್ನು ತಡೆಯಲು ಸಾಕು. ಪ್ಲಗ್ ತೆಗೆದು, ಮೈಯಲ್ಲಿರುವ ಸ್ಥಿರವಿದ್ಯುತ್ತು ಇಳಿಯುವಂತೆ ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ, ಎರಡೂ ಬದಿಯ ಕೊಕ್ಕೆಗಳನ್ನು ಒತ್ತಿ ಪಟ್ಟಿಗಳನ್ನು ಹೊರತೆಗೆದೆ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕೊಟ್ಟ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಅಂಚನ್ನು ಹಗುರವಾಗಿ ಒರೆಸಿ, ರಬ್ಬರಿನ ಪುಡಿ ಉಳಿಯದಂತೆ ಒಣ ಬಟ್ಟೆಯಿಂದ ತೆಗೆದೆ. ಕಿಂಡಿಯ ಧೂಳನ್ನೂ ಬ್ರಷ್ಷಿನಿಂದ ಹೊರಹಾಕಿದೆ. ಎರಡು ಪಟ್ಟಿಗಳಲ್ಲಿ ಒಂದನ್ನೇ ಮೊದಲು ಕೂಡಿಸಿದೆ. ಕೊಕ್ಕೆಗಳು ತಾವಾಗಿ ಟಕ್ಕೆಂದು ಕೂಡುವವರೆಗೆ ನೇರವಾಗಿ ಒತ್ತಬೇಕು.

ಗುಂಡಿ ಒತ್ತಿದೆ. ಒಂದೇ ಒಂದು ಗಿಡ್ಡ ಕೂಗು; ಎಲ್ಲವೂ ಕುಶಲವೆಂಬ ಸಂಕೇತ. ತೆರೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು. ಬಾಗಿಲಲ್ಲಿ ಗುಂಪುಗೂಡಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಯಂತ್ರವು ತಾರೀಖನ್ನು ಮರೆತು ಹಳೆಯ ವರ್ಷವೊಂದನ್ನು ತೋರಿಸುತ್ತಿತ್ತು. ಬೋರ್ಡಿನಲ್ಲಿರುವ ನಾಣ್ಯದಾಕಾರದ 3 ವೋಲ್ಟಿನ ಸಿ.ಆರ್. 2032 ಬ್ಯಾಟರಿ ಮುಗಿದಿದ್ದುದೇ ಅದಕ್ಕೆ ಕಾರಣ. ಗಡಿಯಾರದ ಅಂಗಡಿಯಲ್ಲಿಯೂ ಸಿಗುವ ಆ ಬ್ಯಾಟರಿಯನ್ನು ಬದಲಿಸಿದ್ದಾಯಿತು.

ಎರಡನೆಯ ಕತ್ತಲು

ಹಳೆಯ ಯಂತ್ರ ಎದ್ದಾಗ ಮಾಡಬೇಕಾದ ಮೊದಲ ಕೆಲಸ ಅದನ್ನು ನೋಡಿ ಸಂತೋಷಪಡುವುದಲ್ಲ, ಅದರಲ್ಲಿದ್ದುದನ್ನು ನಕಲು ಮಾಡಿಕೊಳ್ಳುವುದು. ಮತ್ತೊಮ್ಮೆ ಏಳುವುದೆಂಬ ಭರವಸೆಯಿಲ್ಲ. ಎರಡು ಪೆನ್ ಡ್ರೈವುಗಳಿಗೆ ಎಲ್ಲವನ್ನೂ ಇಳಿಸಿಕೊಂಡೆ. ಒಂದು ವೇಳೆ ಯಂತ್ರ ಏಳದಿದ್ದರೂ ಹಾರ್ಡ್ ಡಿಸ್ಕನ್ನು ಬಿಚ್ಚಿ, ಯು.ಎಸ್.ಬಿ. ಅಡಾಪ್ಟರಿನ ಮೂಲಕ ಬೇರೆ ಗಣಕಕ್ಕೆ ಜೋಡಿಸಿ ಓದಬಹುದಾಗಿತ್ತು ಎಂಬುದನ್ನು ಓದುಗರು ನೆನಪಿಡಬೇಕು.

ಮನೆಗೆ ಬಂದು ಹೊಸ ಗಣಕದಲ್ಲಿ ತೆರೆದಾಗ ಕನ್ನಡವೇ ಕಾಣಲಿಲ್ಲ! ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು, ಚಿಹ್ನೆಗಳು. ಇದೂ ಸಾವಲ್ಲ. ಆ ಕಾಲದಲ್ಲಿ ನಮ್ಮ ಭಾಗದ ಅಂಗಡಿಗಳಲ್ಲಿ ಮರಾಠಿ ತಂತ್ರಾಂಶ ಸುಲಭವಾಗಿ ಸಿಗುತ್ತಿತ್ತು, ಕನ್ನಡದ್ದು ಸಿಗುತ್ತಿರಲಿಲ್ಲ. ನಮ್ಮ ಗುರುಗಳು ಚಿಕ್ಕೋಡಿಯಿಂದ ಸಿ.ಡಿ. ತಂದು ‘ನುಡಿ’ ತಂತ್ರಾಂಶವನ್ನು ಹಾಕಿಸಿದ್ದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ಅಂದಿನ ‘ನುಡಿ’ಯಲ್ಲಿ ಬೇರೆ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಿಗೇ ಕನ್ನಡದ ಆಕೃತಿಗಳನ್ನು ತೊಡಿಸಲಾಗುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಆಕೃತಿ ಕಳಚಿ ಬಿದ್ದು, ಕೆಳಗಿನ ಚಿಹ್ನೆಗಳು ಕಾಣುತ್ತವೆ. ಕನ್ನಡಕ್ಕೆ ತನ್ನದೇ ಸಂಖ್ಯೆಗಳನ್ನು ಕೊಟ್ಟ ಯೂನಿಕೋಡ್ 1991ರಲ್ಲಿಯೇ ಬಂದಿದ್ದರೂ ಅದು ನಮ್ಮ ಕಚೇರಿ, ಶಾಲೆಗಳಿಗೆ ತಲುಪಲು ಬಹಳ ವರ್ಷಗಳು ಹಿಡಿದವು. ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳ ತಪ್ಪುಗಳನ್ನು ಕೈಯಿಂದ ತಿದ್ದಿದೆ.

ಆಗ ಒಂದೊಂದಾಗಿ ಹೆಸರುಗಳು ಎದ್ದು ಬಂದವು. ನನ್ನ ಹೆಸರು, ನನ್ನ ತಂಗಿಯ ಹೆಸರು, ಈಗ ನಮ್ಮೊಡನಿಲ್ಲದ ಗೆಳೆಯನೊಬ್ಬನ ಹೆಸರು. ಪೂರದ ರಾತ್ರಿ ಎಮ್ಮೆಯ ಹಗ್ಗ ಬಿಚ್ಚಿ ಬಂದುದನ್ನು ಬರೆದ ಹುಡುಗನ ಪ್ರಬಂಧವನ್ನು ಮಾಮಾನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಭಂಗಾರದಾಂವಗ ಹ್ವಾದ ವರ್ಷನ ಕೊಡೂದಿತ್ರೀ ಸರ” ಎಂದರು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ತಮ್ಮ ಮನೆಯಲ್ಲಿ ಕತ್ತಲು ತೆರೆಯ ಗಣಕವಿದ್ದು, ಅದರಲ್ಲಿ ಕನ್ನಡದ ಪತ್ರ, ಲಗ್ನಪತ್ರಿಕೆ, ಭಜನೆಯ ಪುಸ್ತಕ ಏನೇ ಬೆರಳಚ್ಚಾಗಿರಲಿ, ತೂಕಕ್ಕೆ ಹಾಕುವ ಮೊದಲು ಮೇಲಿನ ಕ್ರಮದಲ್ಲಿ ಒಮ್ಮೆ ಪರೀಕ್ಷಿಸಿರಿ. ತಮ್ಮಿಂದಾಗದಿದ್ದರೆ ಶಾಲೆಗೆ ತನ್ನಿರಿ. ನಾವು ಕೆಲವರು ಕೂಡಿ ನೋಡುತ್ತೇವೆ. ಗಡಿಯಾಚೆಯ ಊರಿನಲ್ಲಿ ಕನ್ನಡದಲ್ಲಿ ಬರೆದಿಟ್ಟ ಪ್ರತಿಯೊಂದು ಪುಟವೂ ಒಬ್ಬರ ಶ್ರಮ. ಐವತ್ತು ವರ್ಷ ಆ ಶ್ರಮವನ್ನು ಪೋಷಿಸಿದ ನಮ್ಮ ಶಾಲೆಗೆ ಶತಮಾನೋತ್ಸವದ ಭಾಗ್ಯವೂ ಒದಗಲೆಂದು ಹಾರೈಸಿ ವಿರಮಿಸುತ್ತೇನೆ.